ಕಿಂಗ್‌ಡಮ್ ರಶ್: ಗೋಪುರಕ್ಕಿಂತ ಜಾಗ ದೊಡ್ಡದು

ಗೋಪುರ ಕಟ್ಟಿ ಶತ್ರುಗಳನ್ನು ತಡೆಯುವ ಗೇಮ್‌ಗಳನ್ನು ಬಹಳ ಆಡಿದ್ದೇನೆ. ಆದರೂ ಬಿಡುವು ಸಿಕ್ಕರೆ ಕೈ ಹೋಗುವುದು ಉರುಗ್ವೆಯ ಐರನ್‌ಹೈಡ್ ತಂಡ 2011ರಲ್ಲಿ ಹೊರತಂದ ಕಿಂಗ್‌ಡಮ್ ರಶ್ ಕಡೆಗೇ. ಇಲ್ಲಿ ಮನಸ್ಸಿಗೆ ಬಂದಲ್ಲಿ ಕಟ್ಟುವಂತಿಲ್ಲ. ದಾರಿ ಪಕ್ಕದ ಜಾಗಗಳನ್ನು ಮೊದಲೇ ಗುರುತು ಮಾಡಿರುತ್ತಾರೆ. ಬಿಲ್ಲುಗಾರರು, ಬ್ಯಾರಕ್ (ಸೈನಿಕರ ಠಾಣೆ), ಮಾಂತ್ರಿಕ, ಫಿರಂಗಿ ಈ ನಾಲ್ಕರಲ್ಲಿ ಯಾವುದನ್ನು ಎಲ್ಲಿ ಕಟ್ಟಬೇಕು ಅನ್ನುವುದಷ್ಟೇ ನಮ್ಮ ಕೈಯಲ್ಲಿ.

ಮೊದಮೊದಲು ಶತ್ರು ಒಳಬರುವ ಬಾಯಲ್ಲೇ ಬಿಲ್ಲುಗಾರರನ್ನು ಸಾಲಾಗಿ ನಿಲ್ಲಿಸುತ್ತಿದ್ದೆ. 70 ಚಿನ್ನಕ್ಕೆ ಒಂದು ಗೋಪುರ, ಅಗ್ಗ. ಆದರೆ ಬಾಣ ತಿಂದುಕೊಂಡೇ ಎಲ್ಲರೂ ದಾಟಿಬಿಡುತ್ತಿದ್ದರು, ಶತ್ರು ದಾಟಿದಾಗಲೆಲ್ಲ ಕಳೆಯುವ ನಮ್ಮ 20 ಜೀವಗಳೂ ಕರಗುತ್ತಿದ್ದವು. ಒಂದೇ ಲೆವೆಲ್ ಐದಾರು ಸಲ ಸೋತ ಮೇಲೆ, ಗೋಪುರ ಒತ್ತಿದಾಗ ಮೂಡುವ ವೃತ್ತವನ್ನು, ಅಂದರೆ ಅದರ ಹೊಡೆತ ತಲುಪುವ ಎಲ್ಲೆಯನ್ನು, ನಿಧಾನವಾಗಿ ನೋಡಿದೆ. ನೇರ ದಾರಿ ಆ ವೃತ್ತದೊಳಗೆ ಒಮ್ಮೆ ಹಾದು ಹೊರಟುಹೋಗುತ್ತದೆ. ದಾರಿ ಸುತ್ತಿ ಹಿಂದಕ್ಕೆ ಹೊರಳುವ ಕಡೆ ಕಟ್ಟಿದರೆ, ಹೋಗುವಾಗ ತಪ್ಪಿಸಿಕೊಂಡವನು ಹೊರಳಿ ಬರುವಾಗ ಮತ್ತೆ ಸಿಗುತ್ತಾನೆ. ಅದೇ ಗೋಪುರ, ಅದೇ ಚಿನ್ನ, ಎರಡರಷ್ಟು ಹೊಡೆತ!

ಈ ಗೇಮ್‌ನ ಜೀವಾಳ ಬ್ಯಾರಕ್. ಅದರ ಮೂವರು ಸೈನಿಕರು ಕೊಲ್ಲುವುದು ಕಡಿಮೆ, ತಡೆದು ನಿಲ್ಲಿಸುವುದು ಹೆಚ್ಚು. ಅವರು ಎಲ್ಲಿ ನಿಲ್ಲಬೇಕೆಂದು ಬ್ಯಾರಕ್‌ನ ವ್ಯಾಪ್ತಿಯೊಳಗೆ ನಾವೇ ಗೊತ್ತು ಮಾಡಬಹುದು. ಎರಡು ಮೂರು ಗೋಪುರಗಳ ವೃತ್ತ ಒಂದರ ಮೇಲೊಂದು ಬೀಳುವ ಜಾಗ ಹುಡುಕಿ ಅವರನ್ನು ಅಲ್ಲಿಗೆ ಸರಿಸಿ ನೋಡಿ. ಓಡುವವನಿಗೆ ಗುರಿ ತಪ್ಪುತ್ತಿದ್ದ ಫಿರಂಗಿ, ಅಲ್ಲಿ ಗುಂಪುಗಟ್ಟಿ ನಿಂತವರ ನಡುವೆಯೇ ಗುಂಡು ಬೀಳಿಸುತ್ತದೆ. ಕವಚ ತೊಟ್ಟು ಬರುವವರಿಗೆ ಮಾತ್ರ ಬಾಣ ನಾಟುವುದೇ ಕಷ್ಟ. ಅವರಿಗೆಂದೇ 100 ಚಿನ್ನದ ಮಾಂತ್ರಿಕ ಗೋಪುರ ಪಕ್ಕದಲ್ಲಿರಲಿ, ಅವನ ಹೊಡೆತಕ್ಕೆ ಕವಚದ ಲೆಕ್ಕವಿಲ್ಲ.

ಹೀಗೆ ತಿರುವನ್ನು ಭದ್ರ ಮಾಡಿಕೊಂಡು ನಿಶ್ಚಿಂತೆಯಿಂದ ಕೂತಿದ್ದಾಗ ರೆಕ್ಕೆಯವರು ತಲೆಯ ಮೇಲೆಯೇ ಹಾರಿಹೋದರು. ಸೈನಿಕರ ಕತ್ತಿ ಅವರಿಗೆ ಎಟುಕದು, ಫಿರಂಗಿ ಗುಂಡೂ ಮುಟ್ಟದು. ಅಂದಿನಿಂದ ಕೊನೆಯ ಬಾಗಿಲ ಹತ್ತಿರದ ಒಂದು ಜಾಗ ಬಿಲ್ಲುಗಾರರಿಗೇ ಮೀಸಲು.

ಫೋನಿನಲ್ಲಿ ಕೆಲವು ಹೀರೋಗಳಿಗೆ, ಅಂದರೆ ಗೋಪುರಗಳ ಜೊತೆ ಕಾದಾಡುವ ವಿಶೇಷ ಯೋಧರಿಗೆ, ಬೇರೆ ಹಣ ಕೊಡಬೇಕು. ನಾನು ಕೊಟ್ಟಿಲ್ಲ, ಆಟ ಎಲ್ಲೂ ನಿಂತಿಲ್ಲ. ಈಗಲೂ ಹೊಸ ಲೆವೆಲ್ ತೆರೆದರೆ ಶತ್ರುಗಳ ಮೊದಲ ಅಲೆಯನ್ನು ಕರೆಯುವ ಮುಂಚೆ ದಾರಿಯನ್ನು ಒಮ್ಮೆ ಬೆರಳಲ್ಲಿ ಸವರಿಕೊಂಡು ಹೋಗುತ್ತೇನೆ, ಎಲ್ಲಿ ಹೊರಳುತ್ತದೆ ಅಂತ.