ಗಾಲ್ಫ್ ಆಟದ ಅಂಗಳಕ್ಕೆ ಯೂನಿಟಿ ಟೆರೇನ್: ನಮ್ಮ ಮುರಕಲ್ಲಿನ ಗುಡ್ಡಕ್ಕೆ ಹೊಂದುತ್ತದೆಯೇ?

ಕಾಸರಗೋಡಿನ ಮುರಕಲ್ಲಿನ ಪಾರೆಗಳು ಗಾಲ್ಫ್ ಗೇಮಿನ ಅಂಗಳಕ್ಕೆ ಸೊಗಸಾದ ಮಾದರಿ. ಮೇಲೆ ಚಪ್ಪಟೆ, ಅಂಚಿನಲ್ಲಿ ಕಡಿದಾದ ಇಳಿಜಾರು, ಕೆಳಗೆ ಅಡಿಕೆ ತೋಟದ ಕಣಿವೆ. ಇದನ್ನು ಕಂಪ್ಯೂಟರಿನಲ್ಲಿ ಕಟ್ಟಲು ಗೇಮ್ ಕಟ್ಟುವ ತಂತ್ರಾಂಶ ಯೂನಿಟಿಯಲ್ಲಿರುವ, ನೆಲ ರೂಪಿಸುವ ಟೆರೇನ್ ಉಪಕರಣ ಒಳ್ಳೆಯ ಆಯ್ಕೆ. ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ, ಗ್ರೀನ್ ಒಂದನ್ನು ಮಾತ್ರ ಅದಕ್ಕೆ ಒಪ್ಪಿಸಬಾರದು.

ನೆಲ ಒರಟಾಗುವುದು ಹೆಚ್ಚಾಗಿ ನೆಲ ತಿದ್ದುವ ಬ್ರಷ್ ಹಿಡಿಯುವ ಮೊದಲೇ. ಬಾಹ್ಯಾಕಾಶ ನೌಕೆಯ ರಾಡಾರ್ ಅಳೆದ, ಉಚಿತವಾಗಿ ಸಿಗುವ ಎಸ್‌ಆರ್‌ಟಿಎಂ ಎತ್ತರ ದತ್ತಾಂಶದಲ್ಲಿ ಒಂದು ಚೌಕವೆಂದರೆ ಸುಮಾರು 30 ಮೀಟರ್. ಮರಗಳ ಎತ್ತರವೂ ಒಂದಷ್ಟು ಅದರೊಳಗೆ ಸೇರಿರುವುದರಿಂದ ತೋಟವಿದ್ದಲ್ಲಿ ಇಲ್ಲದ ದಿಬ್ಬ ಏಳುತ್ತದೆ. ಸ್ಮೂತ್ ಮಾಡಿದರೆ ದಿಬ್ಬ ಹರಡಿಕೊಳ್ಳುತ್ತದೆ, ಹೋಗುವುದಿಲ್ಲ. ಎತ್ತರ ನಿಗದಿ ಮಾಡುವ ಸೆಟ್ ಹೈಟ್‌ನಿಂದ ಮೊದಲು ತಗ್ಗಿಸಬೇಕು. ಯೂನಿಟಿಗೆ ಆಮದು ಮಾಡುವ ಮುಂಚೆ ನಕ್ಷೆಯ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಕ್ಯೂಬಿಕ್ ವಿಧಾನದಿಂದ ಮರುಮಾದರಿ ಮಾಡಿ (ಚೌಕಗಳ ನಡುವಿನ ಎತ್ತರ ತುಂಬಿಸಿ), ಎತ್ತರದ ಅಂಕಿಗಳಷ್ಟೇ ಇರುವ 16 ಬಿಟ್ ರಾ ಫೈಲ್ ತೆಗೆಯಿರಿ. 8 ಬಿಟ್‌ನಲ್ಲಿ ಎತ್ತರಕ್ಕಿರುವುದು 256 ಹಂತ ಮಾತ್ರ. 100 ಮೀಟರ್ ಗುಡ್ಡದಲ್ಲಿ ಒಂದೊಂದು ಹಂತ ಸುಮಾರು 40 ಸೆಂ.ಮೀ. ಆಗಿ, ಇಡೀ ಇಳಿಜಾರು ಮೆಟ್ಟಿಲು ಗದ್ದೆಯಂತೆ ಕಾಣುತ್ತದೆ. ಆಮದಿನ ನಂತರ ನೆಲದ ತುಂಬ ಮುಳ್ಳು ಎದ್ದರೆ ಬೈಟ್ ಆರ್ಡರ್ (ಅಂಕಿಯ ಬೈಟ್‌ಗಳನ್ನು ಓದುವ ಕ್ರಮ) ಬದಲಿಸಿ. ಉತ್ತರ ದಕ್ಷಿಣ ಅದಲುಬದಲಾದರೆ ಫ್ಲಿಪ್ ವರ್ಟಿಕಲಿ ಒತ್ತಿ.

ಹೈಟ್‌ಮ್ಯಾಪ್ ರೆಸಲ್ಯೂಷನ್, ಅಂದರೆ ಒಂದು ಬದಿಯಲ್ಲಿ ಎತ್ತರದ ಬಿಂದುಗಳು ಎಷ್ಟು ಎಂಬುದು, ಮೊದಲೇ ಖಚಿತವಾಗಿರಲಿ. ಒಂದು ಕಿಲೋಮೀಟರ್ ಚೌಕಕ್ಕೆ ಡಿಫಾಲ್ಟ್ 513 ಇಟ್ಟರೆ ಬಿಂದುಗಳ ಅಂತರ ಸುಮಾರು 2 ಮೀಟರ್, ಬಂಕರಿನ (ಮರಳುಗುಂಡಿಯ) ತುಟಿ ಮೂಡುವುದೇ ಇಲ್ಲ. 2049ಕ್ಕೆ ಅಂತರ ಅರ್ಧ ಮೀಟರಿಗೆ ಇಳಿಯುತ್ತದೆ, ಎತ್ತರದ ದತ್ತಾಂಶ ಸುಮಾರು 8 ಎಂಬಿ. 4097ಕ್ಕೆ ಹೋದರೆ ಅದು 33 ಎಂಬಿ ದಾಟುತ್ತದೆ. ಚೆಂಡು ಸಾಗುವ ಹುಲ್ಲಿನ ಹಾದಿ ಫೇರ್‌ವೇಗೆ 2049 ಧಾರಾಳ.

ಸ್ಮೂತ್ ಹೈಟ್ ಬ್ರಷ್‌ನಲ್ಲಿ ನಿಜಕ್ಕೂ ಮೆಚ್ಚಬೇಕಾದದ್ದು ಬ್ಲರ್ ಡೈರೆಕ್ಷನ್. -1 ಇಟ್ಟರೆ ಉಬ್ಬಿದ ಅಂಚು ಮೆತ್ತಗಾಗುತ್ತದೆ, 1 ಇಟ್ಟರೆ ತಗ್ಗಿನ ಮೂಲೆ, 0 ಇಟ್ಟರೆ ಎರಡೂ. ಪಾರೆಯಿಂದ ಫೇರ್‌ವೇಗೆ ಇಳಿಯುವಲ್ಲಿ ಬುಡಕ್ಕಷ್ಟೇ 1 ಬಳಸಿ, ಮೇಲಿನ ಅಂಚನ್ನು ಮುಟ್ಟಬೇಡಿ. ಗುಡ್ಡದ ಗುರುತು ಉಳಿಯುವುದು ಆ ಅಂಚಿನಲ್ಲೇ. ಒಪಾಸಿಟಿ (ಬ್ರಷ್‌ನ ಬಲ) ಕಡಿಮೆ ಇಟ್ಟು ಹಲವು ಸಲ ಎಳೆಯುವುದು ಲೇಸು. ಒಮ್ಮೆಗೇ ಬಲವಾಗಿ ಎಳೆದರೆ ನೀರು ಹರಿಯುವ ಸಣ್ಣ ತೋಡು ಮಾಯವಾಗಿ, ಚೆಂಡು ಎಲ್ಲಿ ಬಿದ್ದರೂ ಒಂದೇ ರೀತಿ ಉರುಳುತ್ತದೆ.

ಗ್ರೀನ್‌ನಲ್ಲಿ ಈ ಉಪಕರಣ ಸೋಲುತ್ತದೆ. ಗುಳಿಯ ವ್ಯಾಸ 108 ಮಿ.ಮೀ., ನಮ್ಮ ಬಿಂದುಗಳ ಅಂತರ ಅರ್ಧ ಮೀಟರ್. ಟೆರೇನ್‌ನಲ್ಲೇ ತೂತು ಕೊರೆದರೆ ಒಂದಿಡೀ ಚೌಕ ಹೋಗುತ್ತದೆ. ಗ್ರೀನನ್ನು 3ಡಿ ತಂತ್ರಾಂಶ ಬ್ಲೆಂಡರ್‌ನಲ್ಲಿ ಪ್ರತ್ಯೇಕ ಮೆಶ್ (ಜಾಲರಿಯಾಕೃತಿ) ಆಗಿ ಕಟ್ಟಿ, ಅದರ ಕೆಳಗಿನ ನೆಲವನ್ನು ಗುಳಿಯ ತಳಕ್ಕೂ ಕೆಳಗಾಗುವಷ್ಟು ತಗ್ಗಿಸಿ ಕೂರಿಸಿ. ಇಲ್ಲದಿದ್ದರೆ ಎರಡು ಮೇಲ್ಮೈಗಳು ಒಂದನ್ನೊಂದು ತೂರಿ ಮಿನುಗುತ್ತವೆ.

ಗೇಮ್ ಓಡುವ ವೇಗ ಸಾಲದಿದ್ದರೆ ಟೆರೇನ್‌ನ ಪಿಕ್ಸೆಲ್ ಎರರ್ ಏರಿಸಬಹುದು, ಡಿಫಾಲ್ಟ್ 5. ಇದು ಕಣ್ಣಿಗೆ ಕಾಣುವ ನೆಲವನ್ನಷ್ಟೇ ಸರಳಗೊಳಿಸುತ್ತದೆ, ಚೆಂಡು ಉರುಳುವ ಕಾಣದ ಮೇಲ್ಮೈ, ಅಂದರೆ ಕೊಲೈಡರ್, ಮೊದಲಿನಂತೆಯೇ ಇರುತ್ತದೆ. ಹೀಗಾಗಿ ಮಿತಿಮೀರಿ ಏರಿಸಿದರೆ ದೂರದ ಚೆಂಡು ಹುಲ್ಲಿನಲ್ಲಿ ಅರ್ಧ ಹೂತಂತೆಯೋ ಗಾಳಿಯಲ್ಲಿ ನಿಂತಂತೆಯೋ ಕಾಣುತ್ತದೆ. ಹಾಗೆ ಕಂಡರೆ ನೆಲವನ್ನು ಮತ್ತೆ ಸ್ಮೂತ್ ಮಾಡಲು ಹೋಗಬೇಡಿ, ಪಿಕ್ಸೆಲ್ ಎರರ್ ಇಳಿಸಿ ನೋಡಿ.