ಹಳೆಯ ಜಪಾನಿ ಕತ್ತಿಯನ್ನು ಹೊಳಪು ಹಾಕಲು ಕೊಡಬೇಡಿ

ಮನೆಯಲ್ಲಿ ಹಳೆಯ ಜಪಾನಿ ಕತ್ತಿ ಇರುವವರು ದಯವಿಟ್ಟು ಇದನ್ನು ಓದಿ. ನಮ್ಮ ಮನೆಯದು ಹಾಳಾಗಿದೆ, ಇನ್ನು ಸರಿಯಾಗುವುದಿಲ್ಲ.

ತಾತ ಎರಡನೆಯ ಮಹಾಯುದ್ಧದಲ್ಲಿ ಬರ್ಮಾದಲ್ಲಿದ್ದರು. 1945ರಲ್ಲಿ ಶರಣಾದ ಜಪಾನಿ ಅಧಿಕಾರಿಗಳು ಒಪ್ಪಿಸಿದ ಕತ್ತಿಗಳಲ್ಲಿ ಒಂದು ಅವರೊಂದಿಗೆ ಕೊಡಗಿಗೆ ಬಂತು. ಒರೆ, ಹಿಡಿ ಸೇನೆಯವು. ಆದರೆ ಆಗ ಎಷ್ಟೋ ಅಧಿಕಾರಿಗಳು ಮನೆತನದ ಹಳೆಯ ಅಲಗಿಗೇ ಸೇನೆಯ ಹಿಡಿ ಹಾಕಿಸಿಕೊಂಡಿದ್ದರು. ಹಿಡಿಯೊಳಗೆ ಸೇರುವ ಬಾಲದಲ್ಲಿ, ಅಂದರೆ ನಾಕಾಗೋದಲ್ಲಿ, ಹಿಡಿಯನ್ನು ಅಲಗಿಗೆ ಬಿಗಿಯುವ ಬಿದಿರಿನ ಗೂಟಕ್ಕೆ ಎರಡು ತೂತುಗಳಿದ್ದವು. ಹಿಡಿ ಒಮ್ಮೆಯಾದರೂ ಬದಲಾಗಿರಬೇಕು. ಕಪ್ಪು ತುಕ್ಕಿನ ನಡುವೆ ಉಳಿಯಿಂದ ಕೊರೆದ ನಾಲ್ಕು ಅಕ್ಷರಗಳೂ ಇದ್ದವು. ನಾನು ಅವುಗಳ ಫೋಟೊ ತೆಗೆದಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಅಲಗಿನ ಮೇಲೆ ಕೆಂಪು ಚುಕ್ಕೆಗಳು ಕಂಡವು. ಲೋಹಕ್ಕೆ ಹೊಳಪು ಹಾಕುವ ಅಂಗಡಿಯೊಂದಕ್ಕೆ ಕೊಟ್ಟೆ. “ಹೊಸದರ ಹಾಗೆ ಮಾಡಿಕೊಡುತ್ತೇನೆ ಸಾರ್” ಎಂದರು. ಹಾಗೆಯೇ ಮಾಡಿದರು. ಬಾಲವನ್ನೂ ಚಮಚದಂತೆ ಬೆಳಗಿಸಿದ್ದರು. ಅಕ್ಷರಗಳಲ್ಲಿ ಈಗ ಉಳಿದಿರುವುದು ಒಂದರ ಅರ್ಧ ಗೆರೆ. ಅಲಗಿನ ಬಾಯಿಯುದ್ದಕ್ಕೂ ಮಂಜಿನಂತೆ ಹರಿಯುತ್ತಿದ್ದ ಹಾಮೊನ್ ಗೆರೆಯೂ ಕಾಣುತ್ತಿಲ್ಲ. ಅಲಗಿಗೆ ಮಣ್ಣು ಬಳಿದು, ಕೆಂಪಗೆ ಕಾಯಿಸಿ, ನೀರಿಗೆ ಅದ್ದಿದಾಗ ಮೂಡುವ ಗೆರೆ ಅದು. ಹೊಳಪು ಹಾಕಲು ವೇಗವಾಗಿ ತಿರುಗಿಸುವ ಬಫಿಂಗ್ ಚಕ್ರದ ಬಿಸಿಗೆ ಅಂಚಿನ ಹದವೇ ಕೆಡಬಹುದು ಎಂಬುದು ಆಮೇಲೆ ತಿಳಿಯಿತು.

ಅಂಗಡಿಯವರನ್ನು ದೂರಲಾರೆ, ಅವರಿಗೆ ಅದು ಬರೀ ಕಬ್ಬಿಣ. ತಪ್ಪು ನನ್ನದು. ಬಾಲದ ಕಪ್ಪು ತುಕ್ಕು ಕೊಳೆಯಲ್ಲ. ಅದರ ಬಣ್ಣ, ಅರದ ಗೀರು, ಕುಶಲಿಯ ಸಹಿ ಇವನ್ನು ನೋಡಿಯೇ ಬಲ್ಲವರು ಕತ್ತಿಯ ವಯಸ್ಸನ್ನು ಅಂದಾಜಿಸುತ್ತಾರೆ. ಅದನ್ನು ಉಜ್ಜುವುದೂ ಬೇಡ, ಎಣ್ಣೆಯಲ್ಲಿ ನೆನೆಸುವುದೂ ಬೇಡ.

ಅಲಗನ್ನು ಬರಿಗೈಯಿಂದ ಮುಟ್ಟಬೇಡಿ. ಒಂದು ಬೆವರಿನ ಬೆರಳಚ್ಚು ತುಕ್ಕಾಗಲು ಸಾಕು. ಕತ್ತಿ ಹಿಡಿದು ಅದರ ಮೇಲೆ ಬಾಗಿ ಮಾತಾಡಲೂಬೇಡಿ, ಎಂಜಲು ಹಾರುತ್ತದೆ. ಮೆತ್ತನೆಯ ಶುದ್ಧ ಕಾಗದದಿಂದ ಬೆನ್ನಿನ ಕಡೆಯಿಂದ ಹಿಡಿದು ಹಳೆಯ ಎಣ್ಣೆ ಒರೆಸಿ, ಹೊಸದನ್ನು ಕಂಡೂ ಕಾಣದಷ್ಟು ತೆಳುವಾಗಿ ಸವರಿ. ಜಪಾನಿನಲ್ಲಿ ಲವಂಗದ ವಾಸನೆಯ ಚೋಜಿ ಎಣ್ಣೆ ಬಳಸುತ್ತಾರೆ. ಹೊಲಿಗೆ ಯಂತ್ರದ ತಿಳಿ ಎಣ್ಣೆಯೂ ಆಗುತ್ತದೆ. ಅಡುಗೆ ಎಣ್ಣೆ ಬೇಡ, ಅಂಟಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದನ್ನು ತಿಂಗಳಿಗೊಮ್ಮೆಯಾದರೂ ಮಾಡಿ.

ತುಕ್ಕು ಆಗಲೇ ಹಿಡಿದಿದ್ದರೆ ಹುಣಸೆಹಣ್ಣು, ಪಾಲಿಶ್, ಮರಳು ಕಾಗದ ಯಾವುದನ್ನೂ ತಾಗಿಸಬೇಡಿ. ಎಣ್ಣೆ ಸವರಿ ಹಾಗೆಯೇ ಇಡಿ. ಕಲ್ಲು, ನೀರಿನಿಂದ ಜಪಾನಿ ಅಲಗು ಉಜ್ಜುವುದನ್ನೇ ಕಲಿತ ಕುಶಲಿಗೆ, ಅಂದರೆ ತೊಗಿಶಿಗೆ, ಮಾತ್ರ ತೋರಿಸಿ.