ನಾಯಿಯ ವಿದೇಶ ಪ್ರಯಾಣಕ್ಕೆ ಕಾಗದಪತ್ರ ಸಿದ್ಧಪಡಿಸಿಕೊಡುವ ಸೇವೆ: ಒಂದು ವಿಮರ್ಶೆ

ನಮ್ಮ ನಾಯಿಯನ್ನು ಯುರೋಪಿಯನ್ ಒಕ್ಕೂಟದ ದೇಶವೊಂದಕ್ಕೆ ಕರೆದೊಯ್ಯಲು ಬೇಕಾದ ಕಾಗದಪತ್ರಗಳ ಹೊಣೆಯನ್ನು ಸಾಕುಪ್ರಾಣಿ ಸಾಗಣೆ ಸಂಸ್ಥೆಯೊಂದಕ್ಕೆ ವಹಿಸಿದ್ದೆವು. ಅವರು ಅರ್ಜಿ ತುಂಬಿಸುವುದರಿಂದ ಕೆಲಸ ಆರಂಭಿಸಲಿಲ್ಲ. ಪ್ರಯಾಣದ ದಿನಾಂಕವನ್ನು ಮುಂದಿಟ್ಟುಕೊಂಡು, ಯಾವ ಕೆಲಸ ಎಂದಿಗೆ ಮುಗಿದಿರಬೇಕೆಂದು ಹಿಂದಕ್ಕೆ ಎಣಿಸುತ್ತಾ ಬಂದರು. ಈ ಸೇವೆಯ ನಿಜವಾದ ಬೆಲೆ ಇರುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಮೊದಲ ಭೇಟಿಯಲ್ಲೇ ಸಿಬ್ಬಂದಿ ನಾಯಿಯ ಹೆಗಲುಗಳ ನಡುವೆ ಸ್ಕ್ಯಾನರ್ ಆಡಿಸಿ, ತೆರೆಯ ಮೇಲೆ ಮೂಡಿದ ಮೈಕ್ರೋಚಿಪ್ಪಿನ (ಚರ್ಮದಡಿ ಅಳವಡಿಸುವ ಗುರುತಿನ ಚಿಪ್) 15 ಅಂಕಿಗಳನ್ನು ಲಸಿಕೆ ಪುಸ್ತಕದ ಸಂಖ್ಯೆಯೊಂದಿಗೆ ಒಂದೊಂದಾಗಿ ಓದಿ ತಾಳೆ ನೋಡಿದರು. ಚಿಪ್ ಅಳವಡಿಸುವ ಮೊದಲೇ ಹಾಕಿಸಿದ ರೇಬೀಸ್ ಲಸಿಕೆ ಒಕ್ಕೂಟದ ನಿಯಮದ ಪ್ರಕಾರ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ, ಎರಡರ ದಿನಾಂಕಗಳನ್ನೂ ಪರಿಶೀಲಿಸಿದರು. ನಾವು ಹೊರಡುವ ದೇಶ ರಕ್ತಪರೀಕ್ಷೆಯಿಂದ ಒಕ್ಕೂಟ ಕೊಡುವ ವಿನಾಯಿತಿಯ ಪಟ್ಟಿಯಲ್ಲಿ ಇಲ್ಲದ ಕಾರಣ, ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತದ ಮಾದರಿ ತೆಗೆಸಿ, ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ರೇಬೀಸ್ ವಿರುದ್ಧದ ಪ್ರತಿಕಾಯದ ಪ್ರಮಾಣ ಪ್ರತಿ ಮಿಲಿಲೀಟರಿಗೆ 0.5 ಐಯು (ಅಂತರರಾಷ್ಟ್ರೀಯ ಘಟಕ) ಅಥವಾ ಅದಕ್ಕಿಂತ ಹೆಚ್ಚಿದೆಯೆಂದು ದೃಢಪಡಿಸಿಕೊಂಡು, ಮಾದರಿ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕಾಯಿತು. ಈ ಕಾಯುವ ಅವಧಿಯ ನಡುವೆಯೇ ಲಸಿಕೆಯ ಸಿಂಧುತ್ವ ಮುಗಿಯುತ್ತದೆಂಬುದನ್ನು ಗುರುತಿಸಿ, ಅದಕ್ಕೆ ಮೊದಲೇ ಬೂಸ್ಟರ್ ಹಾಕಿಸಿದ್ದು ಅವರ ಜಾಗರೂಕತೆಗೆ ಸಾಕ್ಷಿ. ಆ ದಿನ ತಪ್ಪಿದ್ದರೆ ಮುಂದಿನ ಲಸಿಕೆಯನ್ನು ಮೊದಲ ಲಸಿಕೆಯೆಂದೇ ಪರಿಗಣಿಸಿ, ರಕ್ತಪರೀಕ್ಷೆಯನ್ನೂ ಹೊಸದಾಗಿ ಮಾಡಿಸಬೇಕಾಗುತ್ತಿತ್ತು. ಮೊದಲು ಟಿಕೆಟ್ ತೆಗೆದುಕೊಂಡು ಆಮೇಲೆ ಪಶುವೈದ್ಯರ ಬಳಿ ಹೋಗುವವರು ಇದನ್ನು ದಯವಿಟ್ಟು ಗಮನಿಸಬೇಕು; ಜಪಾನಿಗೆ ಹೋಗುವವರಾದರೆ ಕಾಯುವ ಅವಧಿಯೇ 180 ದಿನ.

ಸರ್ಕಾರಿ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ, ಒಕ್ಕೂಟವನ್ನು ಪ್ರವೇಶಿಸುವ ಹಿಂದಿನ 10 ದಿನಗಳ ಒಳಗೆ ನಮ್ಮ ಕೈ ಸೇರಿತು.

ಪ್ರಯಾಣದ ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಅವರ ಸಲಹೆ ತೀರಾ ಸಾಲದು. ಪ್ರಾಣಿ ತಲೆ ತಾಗದಂತೆ ನಿಲ್ಲಲು, ಸಲೀಸಾಗಿ ತಿರುಗಲು, ಕಾಲು ಚಾಚಿ ಮಲಗಲು ಸ್ಥಳವಿರಬೇಕೆಂದು ವಿಮಾನಯಾನ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಘವಾದ ಐಎಟಿಎಯ ನಿಯಮ ಹೇಳುತ್ತದೆ. ಅವರಾದರೋ ನಾಯಿಯ ಅಳತೆಯನ್ನೇ ತೆಗೆದುಕೊಳ್ಳದೆ ಅಳತೆಗಳ ಪಟ್ಟಿಯೊಂದನ್ನು ಕಳುಹಿಸಿ ಸುಮ್ಮನಾದರು. ಪಗ್, ಬುಲ್‌ಡಾಗ್‌ನಂತಹ ಚಪ್ಪಟೆ ಮೂಗಿನ ತಳಿಗಳನ್ನು ಸರಕು ವಿಭಾಗದಲ್ಲಿ ಒಯ್ಯಲು ಹಲವು ವಿಮಾನಯಾನ ಸಂಸ್ಥೆಗಳು ಒಪ್ಪುವುದಿಲ್ಲವಾದ್ದರಿಂದ, ಅಂತಹ ನಾಯಿಗಳಿರುವವರು ಈ ಸೇವೆ ಪಡೆದರೂ ವಿಮಾನಯಾನ ಸಂಸ್ಥೆಯೊಂದಿಗೆ ತಾವೇ ಮಾತನಾಡಿ ಲಿಖಿತ ಒಪ್ಪಿಗೆ ಪಡೆದುಕೊಳ್ಳುವುದು ಒಳ್ಳೆಯದು.